ಸುಳ್ಳು ಹಸಿರು: ಪಿಯರ್ ಟೆಸ್ಟುಗಳ ಹೆಲ್ಪರ್ ಕೋಡನ್ನು ಎಲ್ಲಿಂದ ಬಿಚ್ಚಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಇಬ್ಬರು ಶಿರಸಿ, ಒಬ್ಬರು ಯಲ್ಲಾಪುರ, ಇನ್ನೊಬ್ಬರು ಹೊನ್ನಾವರ. ನಮ್ಮಲ್ಲಿರುವ ಯಕ್ಷಗಾನದ ವಿಡಿಯೊ ರೆಕಾರ್ಡಿಂಗುಗಳನ್ನು ನೇರವಾಗಿ ಒಬ್ಬರಿಂದೊಬ್ಬರಿಗೆ ಹಂಚಿಕೊಳ್ಳಲು ಬಿಟ್‌ಟೊರೆಂಟ್ ಪ್ರೋಟೋಕಾಲಿನ (ಫೈಲನ್ನು ತುಣುಕುಗಳಾಗಿ ಹಂಚುವ ನಿಯಮಾವಳಿ) ಸಣ್ಣ ಕ್ಲೈಂಟೊಂದನ್ನು ರಸ್ಟ್ ಭಾಷೆಯಲ್ಲಿ, ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಟೋಕಿಯೊ ಲೈಬ್ರರಿ ಬಳಸಿ ಬರೆಯುತ್ತಿದ್ದೇವೆ. ಕ್ಲೈಂಟ್ ಕೆಲಸ ಮಾಡುತ್ತಿದೆ. ಆದರೆ ಟೆಸ್ಟುಗಳು ಕೈಮೀರಿವೆ. ಒಂಬತ್ತು ಫೈಲುಗಳಲ್ಲಿ ಸುಮಾರು 70 ಟೆಸ್ಟುಗಳಿವೆ, ಎಲ್ಲಕ್ಕೂ ಸೇರಿ ಹೆಲ್ಪರುಗಳ (ಟೆಸ್ಟಿಗೆ ನೆರವಾಗುವ ಕೋಡು) ‘ಕಾಮನ್’ ಎಂಬ ಒಂದೇ ಮಾಡ್ಯೂಲು 1,100 ಸಾಲು ದಾಟಿದೆ. ಅದರಲ್ಲಿ ನಕಲಿ ಪಿಯರನ್ನು (ಆಚೆ ತುದಿಯ ಕ್ಲೈಂಟಿನ ವೇಷದ ಕೋಡು) ಎಬ್ಬಿಸುವ ‘ಸ್ಪಾನ್_ಪಿಯರ್’, ‘ಸ್ಪಾನ್_ಪಿಯರ್_2’, ‘ಸ್ಪಾನ್_ಪಿಯರ್_ಹೊಸದು’ ಅಂತ ಒಂದೇ ತರದ ಫಂಕ್ಷನ್ನುಗಳು, ಪ್ರತಿಯೊಂದಕ್ಕೂ ಐದಾರು ಟ್ರೂ-ಫಾಲ್ಸ್. ನಡುನಡುವೆ ಸ್ಲೀಪ್, ಅಂದರೆ ಸುಮ್ಮನೆ ಕಾಯುವ ಸಾಲು. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಪಾಸ್, ಯಲ್ಲಾಪುರದ ಗೆಳೆಯನ ಹಳೇ ಯಂತ್ರದಲ್ಲಿ ದಿನಕ್ಕೊಂದು ಫೇಲ್. ಎಲ್ಲವನ್ನೂ ಹೊಸದಾಗಿ ಬರೆಯುವುದೋ, ಇದನ್ನೇ ಸರಿಮಾಡುವುದೋ? ಹೆಲ್ಪರುಗಳನ್ನು ಎಲ್ಲಿಡಬೇಕು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೊಸದಾಗಿ ಬರೆಯಬೇಡಿ. ಆ 70 ಟೆಸ್ಟುಗಳಲ್ಲಿ ನೀವು ಒಂದೊಂದಾಗಿ ಕಂಡುಕೊಂಡ ತಪ್ಪುಗಳ ನೆನಪಿದೆ. ಒಟ್ಟಿಗೆ ಕಿತ್ತು ಹಾಕಿದರೆ ಯಾವ ನೆನಪು ಹೋಯಿತು ಎನ್ನುವುದೂ ಗೊತ್ತಾಗುವುದಿಲ್ಲ.

ಹೆಲ್ಪರನ್ನು ಮುಟ್ಟುವ ಮೊದಲು ಇನ್ನೊಂದು ಕೆಲಸವಿದೆ. ಮಾಮೂಲಿ ಕೋಡನ್ನು ರಿಫ್ಯಾಕ್ಟರ್ ಮಾಡುವಾಗ (ಕೆಲಸ ಬದಲಿಸದೆ ರಚನೆ ಮಾತ್ರ ತಿದ್ದುವಾಗ) ಟೆಸ್ಟುಗಳು ಕಾವಲಿರುತ್ತವೆ, ಏನಾದರೂ ಮುರಿದರೆ ಕೂಗುತ್ತವೆ. ಟೆಸ್ಟ್ ಹೆಲ್ಪರನ್ನೇ ರಿಫ್ಯಾಕ್ಟರ್ ಮಾಡುವಾಗ ಕಾವಲಿಗೆ ಯಾರೂ ಇಲ್ಲ. ಹೆಲ್ಪರ್ ತಪ್ಪಿದರೆ ಟೆಸ್ಟು ಕೆಂಪಾಗುವುದಕ್ಕಿಂತ (ಫೇಲ್) ಹೆಚ್ಚಾಗಿ ಸುಮ್ಮನೆ ಹಸಿರಾಗಿಯೇ (ಪಾಸ್) ಉಳಿಯುತ್ತದೆ. ಈ ಸುಳ್ಳು ಹಸಿರಿಗೆ ನಾನು ನಿಜಕ್ಕೂ ಹೆದರುತ್ತೇನೆ. ಯಾಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡವೊಂದರಲ್ಲಿ ಇಂಥದ್ದೇ ಫೈಲ್ ಹಂಚುವ ಕ್ಲೈಂಟ್ ಇತ್ತು. ‘ಡೌನ್‌ಲೋಡ್ ಮುಗಿಯುವ ತನಕ ಕಾಯಿ’ ಎಂಬ ಹೆಲ್ಪರನ್ನು ಯಾರೋ ಚೊಕ್ಕ ಮಾಡಿದರು. ಟೋಕಿಯೊದ ಟೈಮೌಟ್ ಒಂದು ರಿಸಲ್ಟ್ ಕೊಡುತ್ತದೆ. ಅದನ್ನು ಬಳಸದೆ ಬಿಟ್ಟರೆ ಕಂಪೈಲರ್ ಎಚ್ಚರಿಸುತ್ತದೆ. ಆ ಎಚ್ಚರಿಕೆ ಬೇಡವೆಂದು ರಿಸಲ್ಟನ್ನು ಬರೀ ಅಡಿಗೆರೆಗೆ (_) ಕಟ್ಟಿ ಎಸೆದಿದ್ದರು. ಅಲ್ಲಿಂದ ಮುಂದೆ ಡೌನ್‌ಲೋಡ್ ಮುಗಿದರೂ, ಮುಗಿಯದೆ ಸಮಯ ಮೀರಿದರೂ ಹೆಲ್ಪರಿಗೆ ಎರಡೂ ಒಂದೇ. ನಂತರ ಟೆಸ್ಟು ಏನು ನೋಡುತ್ತಿತ್ತು? ಫೈಲಿನ ಗಾತ್ರ ಸರಿಯಿದೆಯೇ ಎಂದು. ನಮ್ಮ ಕ್ಲೈಂಟಾದರೋ ಡೌನ್‌ಲೋಡ್ ಶುರುವಾಗುವ ಮೊದಲೇ ಫೈಲನ್ನು ಪೂರ್ತಿ ಉದ್ದಕ್ಕೆ ಹಿಗ್ಗಿಸಿ ಇಡುತ್ತಿತ್ತು. ಒಂದು ಬೈಟ್ ಬಾರದಿದ್ದರೂ ಗಾತ್ರ ಸರಿ. ಹಲವು ವಾರ ಎಲ್ಲವೂ ಹಸಿರು. ಆ ನಡುವೆ ಹ್ಯಾಶ್ (ತುಣುಕಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚು) ತಾಳೆ ನೋಡುವ ಸಾಲೊಂದು ಬೇರೊಂದು ಬದಲಾವಣೆಯಲ್ಲಿ ಕಳಚಿಹೋಗಿತ್ತು. ಬಳಕೆದಾರರ ಫೈಲು ಕೆಟ್ಟ ಮೇಲೆಯೇ ನಮಗೆ ತಿಳಿದದ್ದು.

ಹಾಗಾಗಿ ಮೊದಲ ದಿನ ಹೆಲ್ಪರನ್ನು ಬಿಟ್ಟು ಕ್ಲೈಂಟನ್ನು ಕೆಡಿಸಿ, ಬೇಕೆಂದೇ. ಹ್ಯಾಶ್ ತಾಳೆ ನೋಡುವ ಫಂಕ್ಷನ್ ಯಾವಾಗಲೂ ಟ್ರೂ ಕೊಡಲಿ. ಯಾವ ಟೆಸ್ಟುಗಳು ಕೆಂಪಾದವು, ಬರೆದಿಟ್ಟುಕೊಳ್ಳಿ. ಅದನ್ನು ಸರಿಮಾಡಿ ಬಿಟ್‌ಫೀಲ್ಡಿನ (ತನ್ನಲ್ಲಿ ಯಾವ ತುಣುಕುಗಳಿವೆ ಎಂದು ಪಿಯರ್ ಕಳಿಸುವ ಪಟ್ಟಿ) ಬಿಟ್ಟುಗಳನ್ನು ತಿರುವುಮುರುವು ಓದುವಂತೆ ಮಾಡಿ. ಪ್ರೋಟೋಕಾಲಿನ ಪ್ರಕಾರ ಮೊದಲ ಬೈಟಿನ ಅತಿ ದೊಡ್ಡ ಬಿಟ್ಟು ಸೊನ್ನೆಯನೇ ತುಣುಕಿನದು, ನೀವು ಅತಿ ಚಿಕ್ಕ ಬಿಟ್ಟಿನಿಂದ ಓದಿಸಿ. ಮತ್ತೆ ಪಟ್ಟಿ. ಆಮೇಲೆ ಚೋಕ್ (‘ಸದ್ಯ ಕೊಡುವುದಿಲ್ಲ’ ಎಂಬ ಸಂದೇಶ) ಬಂದರೂ ತುಣುಕು ಕೇಳುತ್ತಲೇ ಇರುವಂತೆ, ಸಂಪರ್ಕ ಕಡಿದರೂ ಬಾಕಿ ಬೇಡಿಕೆಗಳನ್ನು ಮರಳಿ ಸಾಲಿಗೆ ಹಾಕದಂತೆ ಮಾಡಿ. ಇಂಥ ಏಳೆಂಟು ಹಾಳುಗೆಡಹುವ ಪ್ಯಾಚುಗಳನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಹೆಲ್ಪರ್ ಬದಲಿಸುವ ಪ್ರತಿ ಹೆಜ್ಜೆಯ ನಂತರ ಅವನ್ನು ಹಾಕಿ ನೋಡಬೇಕು, ಅವೇ ಟೆಸ್ಟುಗಳು ಕೆಂಪಾಗಬೇಕು. ಇದನ್ನು ಯಂತ್ರದಿಂದಲೇ ಮಾಡಿಸುವ ‘ಕಾರ್ಗೋ ಮ್ಯೂಟಂಟ್ಸ್’ ಎಂಬ ಸಲಕರಣೆಯೂ ಇದೆ. ಅದು ಫಂಕ್ಷನ್ನುಗಳನ್ನು ಒಂದೊಂದಾಗಿ ಕೆಡಿಸಿ, ಯಾವ ಕೇಡನ್ನು ಟೆಸ್ಟುಗಳು ಹಿಡಿಯಲಿಲ್ಲ ಎಂದು ಹೇಳುತ್ತದೆ. ಅದನ್ನೂ ಓಡಿಸಿ, ಆದರೆ ಮೊದಲ ಸುತ್ತು ಕೈಯಾರೆ ಮಾಡಿ. ನಿಮ್ಮ ಟೆಸ್ಟುಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ಕೈಗೆ ಗೊತ್ತಾಗುತ್ತದೆ.

ಈಗ ಯಲ್ಲಾಪುರದ ಯಂತ್ರಕ್ಕೆ ಬರೋಣ. ಆ ಯಂತ್ರದ ತಪ್ಪೇನೂ ಇಲ್ಲ, ನಿಮ್ಮ ಸ್ಲೀಪುಗಳು ಹೇಳುತ್ತಿದ್ದ ಸುಳ್ಳನ್ನು ಅದು ಬಯಲು ಮಾಡುತ್ತಿದೆ. ಸಾಮಾನ್ಯವಾಗಿ ಹೆಲ್ಪರಿನಲ್ಲಿ ಸ್ಲೀಪ್ ಸೇರುವುದು ಎರಡು ಜಾಗದಲ್ಲಿ.

ಮೊದಲನೆಯದು ನಕಲಿ ಪಿಯರ್ ಎದ್ದು ಕೂರುವವರೆಗೆ. ಟಾಸ್ಕನ್ನು ಸ್ಪಾನ್ ಮಾಡಿ (ಹಿನ್ನೆಲೆಯಲ್ಲಿ ಓಡಲು ಬಿಟ್ಟು), ಆ ಟಾಸ್ಕಿನ ಒಳಗೆ ಬೈಂಡ್ ಮಾಡಿ (ಪೋರ್ಟ್ ಹಿಡಿದು), ಹೊರಗೆ 100 ಮಿಲಿಸೆಕೆಂಡ್ ಮಲಗಿ, ಆಮೇಲೆ ಕ್ಲೈಂಟಿನಿಂದ ಕನೆಕ್ಟ್ ಮಾಡಿಸುವುದು. ಈ ನಿದ್ದೆ ಬೇಕಾಗಿಯೇ ಇಲ್ಲ. ಬೈಂಡನ್ನು ಸ್ಪಾನಿಗಿಂತ ಮೊದಲು, ಹೆಲ್ಪರಿನಲ್ಲೇ ಮಾಡಿ, ತೆರೆದ ಲಿಸನರನ್ನು ಟಾಸ್ಕಿನ ಒಳಕ್ಕೆ ಕಳಿಸಿ. ಲಿಸನ್ ಆದ ಕ್ಷಣದಿಂದ ಬರುವ ಸಂಪರ್ಕಗಳನ್ನು ಕರ್ನಲ್ ತಾನೇ ಸ್ವೀಕರಿಸಿ ಸಾಲಿನಲ್ಲಿ ಇಟ್ಟಿರುತ್ತದೆ. ನಿಮ್ಮ ಟಾಸ್ಕ್ ಅಕ್ಸೆಪ್ಟ್ ಕರೆಯುವುದು ತಡವಾದರೂ ಯಾರೂ ವಾಪಸ್ ಹೋಗುವುದಿಲ್ಲ. ಪೋರ್ಟ್ ಸಂಖ್ಯೆಯನ್ನು ನೀವು ಆರಿಸಬೇಡಿ, ಸೊನ್ನೆ ಕೊಟ್ಟರೆ ಖಾಲಿ ಪೋರ್ಟನ್ನು ಆಪರೇಟಿಂಗ್ ಸಿಸ್ಟಮ್ ಕೊಡುತ್ತದೆ. ಯಾವುದು ಸಿಕ್ಕಿತೆಂದು ಲಿಸನರನ್ನೇ ಕೇಳಿ. ‘ಖಾಲಿ ಪೋರ್ಟ್ ಹುಡುಕು’ ಎಂಬ ಹೆಲ್ಪರ್ ನಿಮ್ಮಲ್ಲಿ ಇರಬಹುದು: ಬೈಂಡ್ ಮಾಡಿ, ಸಂಖ್ಯೆ ಬರೆದುಕೊಂಡು, ಮುಚ್ಚಿ, ಸಂಖ್ಯೆಯನ್ನು ಮಾತ್ರ ಹಿಂತಿರುಗಿಸುವಂಥದ್ದು. ಮುಚ್ಚಿದ ಮೇಲೆ ಆ ಪೋರ್ಟ್ ನಿಮ್ಮದಲ್ಲ. ರಸ್ಟ್‌ನ ಬಿಲ್ಡ್ ಸಲಕರಣೆ ಕಾರ್ಗೋ, ಟೆಸ್ಟುಗಳನ್ನು ಒಂದೇ ಹೊತ್ತಿಗೆ ಹಲವು ಥ್ರೆಡ್ಡುಗಳಲ್ಲಿ ಓಡಿಸುವುದರಿಂದ ಪಕ್ಕದ ಟೆಸ್ಟು ಅದನ್ನು ಹೊತ್ತೊಯ್ಯಬಹುದು. ಅದನ್ನು ಅಳಿಸಿ.

ಎರಡನೆಯ ಸ್ಲೀಪು ‘ಇಷ್ಟೊತ್ತಿಗೆ ಆಗಿರಬೇಕು’ ಎಂಬ ಅಂದಾಜಿನದು. ಇದಕ್ಕೆ ಕ್ಲೈಂಟಿನಲ್ಲೇ ಸ್ವಲ್ಪ ಕೆಲಸವಿದೆ. ‘ತುಣುಕು ಸರಿಬಂತು’, ‘ತುಣುಕಿನ ಹ್ಯಾಶ್ ತಪ್ಪಿತು’, ‘ಪಿಯರ್ ಬಿಟ್ಟುಹೋಯಿತು’ ಎಂಬ ಘಟನೆಗಳನ್ನು ಒಂದು ಚಾನೆಲ್ಲಿಗೆ ಬಿಡುವಂತೆ ಮಾಡಿ. ಪರದೆಯ ಮೇಲೆ ಪ್ರಗತಿ ತೋರಿಸಲು ಹೇಗೂ ಅದು ಬೇಕು. ಹೆಲ್ಪರ್ ಆ ಚಾನೆಲ್ಲಿನ ಮೇಲೆ ಕಾಯಲಿ. ಮೇಲ್ಮಿತಿ ಧಾರಾಳವಾಗಿ 30 ಸೆಕೆಂಡ್ ಇರಲಿ, ಪಾಸಾಗುವ ಟೆಸ್ಟು ಅದನ್ನು ಎಂದೂ ಮುಟ್ಟುವುದಿಲ್ಲ. ಮಿತಿ ಮೀರಿದಾಗ ಹೆಲ್ಪರ್ ಪ್ಯಾನಿಕ್ ಆಗಲೇಬೇಕು (ದೋಷ ಕೂಗಿ ನಿಲ್ಲಬೇಕು), ಬರೀ ‘ಟೈಮೌಟ್’ ಎನ್ನದೆ ಅಲ್ಲಿಯವರೆಗೆ ಬಂದ ಘಟನೆಗಳನ್ನೆಲ್ಲ ಮುದ್ರಿಸಬೇಕು. ಫೇಲಾದಾಗ ನಿಮ್ಮ ಗೆಳೆಯ ಕಳಿಸುವ ಆ ಹತ್ತು ಸಾಲುಗಳಲ್ಲೇ ಕಾರಣ ಸಿಗುವಂತಿರಬೇಕು.

ಸಮಯವೇ ಟೆಸ್ಟಿನ ವಿಷಯವಾದಾಗ ಮಾತು ಬೇರೆ. ಬಿಟ್‌ಟೊರೆಂಟಿನಲ್ಲಿ ಸಾಮಾನ್ಯವಾಗಿ ಎರಡು ನಿಮಿಷಕ್ಕೊಮ್ಮೆ ಕೀಪ್-ಅಲೈವ್ (‘ಇನ್ನೂ ಇದ್ದೇನೆ’ ಎಂಬ ಸಂದೇಶ) ಹೋಗುತ್ತದೆ. ಅದಕ್ಕಾಗಿ ಎರಡು ನಿಮಿಷ ಕಾಯಲಾಗದು. ಟೋಕಿಯೊದ ‘ಟೆಸ್ಟ್-ಯುಟಿಲ್’ ಫೀಚರ್ ಹಾಕಿಕೊಂಡರೆ ಗಡಿಯಾರವನ್ನು ನಿಲ್ಲಿಸಿ ಟೆಸ್ಟ್ ಶುರು ಮಾಡಬಹುದು. ಮಾಡಲು ಬೇರೆ ಕೆಲಸ ಇಲ್ಲದಾಗ ರನ್‌ಟೈಮ್ ತಾನಾಗಿ ಮುಂದಿನ ಟೈಮರಿಗೆ ಜಿಗಿಯುತ್ತದೆ, ಎರಡು ನಿಮಿಷ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆಯುತ್ತದೆ. ಆದರೆ ಇದನ್ನು ನಿಜವಾದ ಸಾಕೆಟ್ಟಿನ ಜೊತೆ ಬೆರೆಸಬೇಡಿ. ಬೈಟುಗಳು ಕರ್ನಲ್ಲಿನಲ್ಲಿ ದಾರಿಯಲ್ಲಿರುವಾಗ ರನ್‌ಟೈಮಿನ ಕಣ್ಣಿಗೆ ‘ಕೆಲಸವಿಲ್ಲ’. ಅದು ಗಡಿಯಾರ ಜಿಗಿಸುತ್ತದೆ, ಉತ್ತರ ಬರುವ ಮೊದಲೇ ನಿಮ್ಮ ಟೈಮೌಟ್ ಹೊಡೆಯುತ್ತದೆ. ಹಾಗೆಯೇ ಕ್ಲೈಂಟಿನಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ಇನ್‌ಸ್ಟಂಟ್ ಬಳಸಿದ್ದರೆ ಅದಕ್ಕೆ ನಿಂತ ಗಡಿಯಾರದ ಸುದ್ದಿಯೇ ಇಲ್ಲ. ಟೋಕಿಯೊದ ಇನ್‌ಸ್ಟಂಟೇ ಬೇಕು.

ಸಾಕೆಟ್ಟಿನ ಬದಲಿಗೆ ಟೋಕಿಯೊದ ಡ್ಯುಪ್ಲೆಕ್ಸ್ ಬಳಸಿ. ಮೆಮೊರಿಯಲ್ಲೇ ಇರುವ ಎರಡು ತುದಿಯ ಕೊಳವೆ ಅದು. ಇದಕ್ಕಾಗಿ ನಿಮ್ಮ ಸಂಪರ್ಕದ ಕೋಡು ಟಿಸಿಪಿ ಸ್ಟ್ರೀಮಿಗೇ ಅಂಟಿಕೊಳ್ಳದೆ, ಓದುವ-ಬರೆಯುವ ಎರಡು ಅಸಿಂಕ್ ಟ್ರೇಟುಗಳಿರುವ ಯಾವುದನ್ನಾದರೂ ಒಪ್ಪುವಂತಿರಬೇಕು. ಈ ರಿಫ್ಯಾಕ್ಟರಿಂಗಿನಲ್ಲಿ ಕ್ಲೈಂಟನ್ನು ಮುಟ್ಟುವ ದೊಡ್ಡ ಬದಲಾವಣೆ ಇದೊಂದೇ, ಮತ್ತು ಪಟ್ಟ ಶ್ರಮ ಪೂರ್ತಿ ವಾಪಸ್ ಬರುತ್ತದೆ. ಡ್ಯುಪ್ಲೆಕ್ಸ್ ಮಾಡುವಾಗ ಬಫರಿನ ಗಾತ್ರ ಕೊಡಬೇಕು. ಎಲ್ಲರೂ ದೊಡ್ಡ ಸಂಖ್ಯೆ ಕೊಟ್ಟುಬಿಡುತ್ತಾರೆ. ನೀವು ಒಂದೆರಡು ಟೆಸ್ಟಿಗೆ 7 ಕೊಟ್ಟು ನೋಡಿ. ಹ್ಯಾಂಡ್‌ಶೇಕಿನ 68 ಬೈಟುಗಳು ಒಂದೇ ಏಟಿಗೆ ಬಾರದೆ ಏಳೇಳಾಗಿ ತೊಟ್ಟಿಕ್ಕುತ್ತವೆ. ‘ಒಂದು ರೀಡ್ ಅಂದರೆ ಒಂದು ಸಂದೇಶ’ ಎಂದು ಎಲ್ಲಾದರೂ ನಂಬಿ ಬರೆದಿದ್ದರೆ ಆ ಜಾಗ ತಕ್ಷಣ ಕಾಣುತ್ತದೆ. ಲೋಕಲ್‌ಹೋಸ್ಟ್ ಸಾಕೆಟ್ಟಿನಲ್ಲಿ ಸಣ್ಣ ಸಂದೇಶ ಹೆಚ್ಚೂಕಡಿಮೆ ಯಾವಾಗಲೂ ಇಡಿಯಾಗಿ ಬರುವುದರಿಂದ ಈ ತಪ್ಪು ಅಲ್ಲಿ ಅಡಗಿಯೇ ಇರುತ್ತದೆ.

ಇನ್ನು ಆ ಟ್ರೂ-ಫಾಲ್ಸ್ ಸಾಲು. ‘ಸ್ಪಾನ್_ಪಿಯರ್(ಟ್ರೂ, ಫಾಲ್ಸ್, ಫಾಲ್ಸ್, ಟ್ರೂ, 3)’ ಎಂದು ಓದಿದವರಿಗೆ ಟೆಸ್ಟು ಯಾವುದರ ಬಗ್ಗೆ ಎಂದು ತಿಳಿಯುವುದಿಲ್ಲ. ಯಕ್ಷಗಾನದ ಕೆಲಸ ಮಾಡುವವರಿಗೆ ಇದನ್ನು ಹೇಳುವುದು ಸುಲಭ. ಟೆಸ್ಟು ಮುಮ್ಮೇಳ, ಹೆಲ್ಪರ್ ಹಿಮ್ಮೇಳ. ಪ್ರಸಂಗ ಏನೆಂದು ರಂಗಸ್ಥಳದಲ್ಲೇ ಕಾಣಬೇಕು, ಅದನ್ನು ತಿಳಿಯಲು ಪ್ರೇಕ್ಷಕ ಮದ್ದಲೆಯೊಳಗೆ ಇಣುಕುವಂತಾಗಬಾರದು. ಬೇಕಾದ ಗುಣಗಳನ್ನು ಒಂದೊಂದಾಗಿ ಹೆಸರಿಸಿ ಪಿಯರ್ ಕಟ್ಟುವ ಬಿಲ್ಡರ್ ಮಾಡಿ. ಏನೂ ಹೇಳದಿದ್ದರೆ ಎಲ್ಲ ತುಣುಕುಗಳೂ ಇರುವ, ಕೇಳಿದ್ದನ್ನು ಕೊಡುವ ಒಳ್ಳೆಯ ಪಿಯರ್ ಹುಟ್ಟಲಿ. ಟೆಸ್ಟಿನಲ್ಲಿ ಬರೆಯುವುದು ಅದರಿಂದ ಬೇರೆಯಾದದ್ದನ್ನು ಮಾತ್ರ. ರಸ್ಟ್ 1.53ರಿಂದ, ಅಂದರೆ 2021ರಿಂದ, ಗುರುತುಪದಗಳನ್ನು ಕನ್ನಡದಲ್ಲೇ ಬರೆಯಬಹುದು, ಹಾಗಾಗಿ ಇಲ್ಲಿಯೂ ಹಾಗೇ ಬರೆಯುತ್ತೇನೆ:

ನಕಲಿಪಿಯರ್::ಹೊಸ().ಕೆಡಿಸಿ_ಕೊಡು(1).ಶುರು()

ನಕಲಿಪಿಯರ್::ಹೊಸ().ಇರುವುದು(&[0, 2]).ನಡುವೆ_ಸುಮ್ಮನಾಗು(9000).ಶುರು()

ಮೊದಲನೆಯದು ಒಂದನೇ ತುಣುಕನ್ನು ಕೆಡಿಸಿ ಕೊಡುವ ಪಿಯರ್. ಎರಡನೆಯದರಲ್ಲಿ ಸೊನ್ನೆ ಮತ್ತು ಎರಡನೇ ತುಣುಕು ಮಾತ್ರ ಇವೆ, 9,000 ಬೈಟ್ ಕೊಟ್ಟ ಮೇಲೆ ಅದು ಮಾತು ನಿಲ್ಲಿಸುತ್ತದೆ. ಹಾಗೇ ಓದಿಕೊಂಡು ಹೋಗಬಹುದು.

ಆ ಎರಡನೇ ಸಾಲಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ನಿಮ್ಮ ಕ್ಲೈಂಟಿಗೆ ಅತಿ ಮುಖ್ಯವಾದ ಟೆಸ್ಟು ಅದೇ. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು ಹೋಗುವುದು ನಿಮಗೆ ಹೊಸದಲ್ಲ. ಪಿಯರ್ ತಾನಾಗಿ ಕ್ಲೈಂಟ್ ಮುಚ್ಚಿದರೆ ಟಿಸಿಪಿ ಅದನ್ನು ಈ ಕಡೆಗೆ ತಿಳಿಸುತ್ತದೆ, ಓದುತ್ತಿದ್ದವರಿಗೆ ‘ಮುಗಿಯಿತು’ ಎಂಬ ಸೊನ್ನೆ ಬೈಟ್ ಸಿಗುತ್ತದೆ. ಕರೆಂಟು ಹೋಗಿ ರೂಟರೇ ಸತ್ತರೆ ಯಾವ ಸುದ್ದಿಯೂ ಬರುವುದಿಲ್ಲ. ಈ ಕಡೆಯವರಿಗೆ ಸಂಪರ್ಕ ಇನ್ನೂ ಜೀವಂತ ಎಂದೇ ತೋರುತ್ತದೆ. ಟಿಸಿಪಿಯ ಸ್ವಂತ ಕೀಪ್-ಅಲೈವ್ ಅನ್ನು ನಾವಾಗಿ ಹಾಕಬೇಕು, ಹಾಕಿದರೂ ಲಿನಕ್ಸಿನಲ್ಲಿ ಅದರ ಮೊದಲ ವಿಚಾರಣೆ ಬದಲಿಸದಿದ್ದರೆ 7,200 ಸೆಕೆಂಡಿನ ನಂತರ. ಎರಡು ತಾಸು! ಹೊನ್ನಾವರದಲ್ಲಿ ಕೂತವರ ಡೌನ್‌ಲೋಡು ಶಿರಸಿಯ ಸತ್ತ ಪಿಯರಿನ ಮುಂದೆ ಕೈಯೊಡ್ಡಿ ನಿಂತುಬಿಡುತ್ತದೆ. ಆದ್ದರಿಂದ ‘ಬಿಟ್ಟುಹೋದ ಪಿಯರ್’ ಮತ್ತು ‘ಸುಮ್ಮನಾದ ಪಿಯರ್’ ಬೇರೆ ಬೇರೆ ಟೆಸ್ಟುಗಳಾಗಬೇಕು.

ಹೆಲ್ಪರ್ ಮೋಸ ಮಾಡುವುದೂ ಇಲ್ಲಿಯೇ. ‘ಸುಮ್ಮನಾಗು’ ಎಂದರೆ ಟಾಸ್ಕಿನ ಲೂಪಿನಿಂದ ಹೊರಬರುವುದು ಎಂದು ಬರೆಯುತ್ತೇವೆ. ಲೂಪು ಮುಗಿದ ಕೂಡಲೇ ಟಾಸ್ಕ್ ಮುಗಿಯುತ್ತದೆ, ಟಾಸ್ಕ್ ಮುಗಿದಾಗ ಅದರ ಕೈಯಲ್ಲಿದ್ದ ಕೊಳವೆಯ ತುದಿ ಡ್ರಾಪ್ ಆಗುತ್ತದೆ (ರಸ್ಟ್ ಅದನ್ನು ವಿಲೇವಾರಿ ಮಾಡುತ್ತದೆ), ಡ್ರಾಪ್ ಆದರೆ ಆಚೆ ತುದಿಗೆ ‘ಮುಗಿಯಿತು’ ಎಂಬ ಸುದ್ದಿ ಹೋಗುತ್ತದೆ. ಅಂದರೆ ಸುಮ್ಮನಾದ ಪಿಯರನ್ನು ಪರೀಕ್ಷಿಸುತ್ತಿದ್ದೇವೆಂದು ತಿಳಿದು ಬಿಟ್ಟುಹೋದ ಪಿಯರನ್ನೇ ಎರಡು ಸಲ ಪರೀಕ್ಷಿಸುತ್ತಿರುತ್ತೇವೆ. ಹಸಿರು ಬೆಳಗುತ್ತದೆ, ಮಳೆಗಾಲದಲ್ಲಿ ಕ್ಲೈಂಟ್ ನೇತಾಡುತ್ತದೆ. ಸುಮ್ಮನಾಗುವ ಪಿಯರ್ ಆ ತುದಿಯನ್ನು ಕೈಯಲ್ಲೇ ಹಿಡಿದುಕೊಂಡು, ಎಂದೂ ಮುಗಿಯದ ಫ್ಯೂಚರಿನ ಮೇಲೆ ಅವೇಟ್ ಮಾಡುತ್ತ ಕೂರಬೇಕು. ನಿಮ್ಮ ಹಾಳುಗೆಡಹುವ ಪ್ಯಾಚುಗಳಲ್ಲಿ ‘ಓದುವ ಟೈಮೌಟ್ ತೆಗೆದುಹಾಕು’ ಎಂಬುದೂ ಒಂದಿರಲಿ. ಅದನ್ನು ಹಾಕಿದಾಗ ಈ ಟೆಸ್ಟು ಕೆಂಪಾಗದಿದ್ದರೆ ಹೆಲ್ಪರ್ ತುದಿಯನ್ನು ಬಿಟ್ಟಿದೆ ಎಂದೇ ಅರ್ಥ.

ನಕಲಿ ಪಿಯರ್ ಯಾವ ಭಾಷೆ ಆಡಬೇಕು? ನಿಮ್ಮ ಕ್ಲೈಂಟಿನ ಎನ್‌ಕೋಡ್ ಫಂಕ್ಷನ್ನುಗಳನ್ನೇ ಕರೆದು ಸಂದೇಶ ಕಟ್ಟುತ್ತಿದೆಯೇ, ನೋಡಿ. ಹಾಗಿದ್ದರೆ ಅದು ಸಾಕ್ಷಿಯಾಗಲು ಯೋಗ್ಯವಲ್ಲ. ಉದ್ದದ ನಾಲ್ಕು ಬೈಟುಗಳನ್ನು ನೀವು ತಿರುಗಾಮುರುಗಾ ಬರೆದಿದ್ದರೂ ಎರಡೂ ಕಡೆ ಅದೇ ತಪ್ಪಾಗಿ ಟೆಸ್ಟು ಪಾಸಾಗುತ್ತದೆ. ಹೊರಗಿನ ಪಿಯರೊಂದರ ಜೊತೆ ಮಾತಾಡಿಸಿದ ದಿನ ಬಾಯಿ ಕಟ್ಟುತ್ತದೆ. ನಕಲಿ ಪಿಯರ್ ಬೈಟುಗಳನ್ನು ತಾನೇ ಕಟ್ಟಲಿ. ಕಷ್ಟವೇನಿಲ್ಲ. ಹ್ಯಾಂಡ್‌ಶೇಕ್ ಎಂದರೆ 19 ಎಂಬ ಒಂದು ಬೈಟ್, ಪ್ರೋಟೋಕಾಲಿನ ಹೆಸರಿನ 19 ಅಕ್ಷರ, ಮೀಸಲು 8, ಇನ್ಫೋಹ್ಯಾಶ್ (ಟೊರೆಂಟಿನ ಗುರುತು) 20, ಪಿಯರ್ ಐಡಿ 20. ‘ಆಸಕ್ತಿ ಇದೆ’ ಎಂದರೆ 0, 0, 0, 1, 2, ಅಷ್ಟೇ. ತುಣುಕು ಕೇಳುವ ಸಂದೇಶಕ್ಕೆ ಉದ್ದ 13, ಗುರುತು 6, ನಂತರ ನಾಲ್ಕು ನಾಲ್ಕು ಬೈಟಿನ ಮೂರು ಸಂಖ್ಯೆಗಳು: ಎಷ್ಟನೇ ತುಣುಕು, ಎಲ್ಲಿಂದ, ಎಷ್ಟು. ಆ ಎಷ್ಟು ಎಂಬುದು ಸಾಮಾನ್ಯವಾಗಿ 16,384. ಇಷ್ಟನ್ನು ಸಂಖ್ಯೆಗಳಾಗಿಯೇ ಬರೆದಿಡಿ. ಸ್ಥಿರಾಂಕಗಳನ್ನು ಕ್ಲೈಂಟಿನಿಂದ ಆಮದು ಮಾಡಿಕೊಳ್ಳುವ ಆಸೆಯಾಗುತ್ತದೆ, ಮಾಡಬೇಡಿ. ಪುನರಾವರ್ತನೆ ಬೇಕಾದ ಜಾಗ ಇದು.

ಹೀಗೆ ಬರೆದರೆ ನಿಮ್ಮ ‘ಎಲ್ಲಿಡಬೇಕು’ ಎಂಬ ಪ್ರಶ್ನೆ ತನ್ನಷ್ಟಕ್ಕೆ ಬಗೆಹರಿಯುತ್ತದೆ. ಟೆಸ್ಟ್ಸ್ ಫೋಲ್ಡರಿನ ಪ್ರತಿ ಫೈಲನ್ನೂ ಕಾರ್ಗೋ ಬೇರೆ ಬೇರೆ ಕ್ರೇಟಾಗಿ (ಸ್ವತಂತ್ರ ಘಟಕವಾಗಿ) ಕಂಪೈಲ್ ಮಾಡುತ್ತದೆ. ಒಂಬತ್ತು ಫೈಲೆಂದರೆ ಒಂಬತ್ತು ಸಲ ಲಿಂಕ್, ಒಂಬತ್ತು ಕಡೆಯೂ ಆ 1,100 ಸಾಲು. ಒಂದೊಂದು ಕಡೆ ಅರ್ಧಕ್ಕರ್ಧ ಹೆಲ್ಪರುಗಳನ್ನು ಯಾರೂ ಕರೆಯುವುದಿಲ್ಲವಾದ್ದರಿಂದ ‘ಬಳಸದ ಕೋಡ್’ ಎಂಬ ಎಚ್ಚರಿಕೆಗಳು ಸುರಿಯುತ್ತವೆ. ಅದನ್ನು ತಪ್ಪಿಸಲು ಮೇಲ್ಗಡೆ ‘ಅಲೌ’ ಬರೆದಿದ್ದೀರಿ ಎಂದು ಊಹಿಸುತ್ತೇನೆ. ಆಮೇಲೆ ನಿಜವಾಗಿ ಸತ್ತ ಹೆಲ್ಪರೂ ಕಾಣದಾಗುತ್ತದೆ. ಆ ಒಂಬತ್ತನ್ನೂ ಒಂದೇ ಟೆಸ್ಟ್ ಕ್ರೇಟಿನ ಮಾಡ್ಯೂಲುಗಳನ್ನಾಗಿ ಮಾಡಿ. ಟೆಸ್ಟ್ಸ್ ಒಳಗೆ ಒಂದು ಸಬ್‌ಫೋಲ್ಡರ್, ಅದರಲ್ಲೊಂದು ಮೇನ್ ಫೈಲ್, ಉಳಿದವು ಅದರ ಮಾಡ್ಯೂಲುಗಳು. ಬಿಲ್ಡ್ ಬೇಗವಾಗುತ್ತದೆ, ‘ಅಲೌ’ ತೆಗೆಯಬಹುದು, ಸತ್ತವು ತಾವೇ ಎದ್ದು ಕಾಣುತ್ತವೆ. ಒಂದೇ ಎಚ್ಚರಿಕೆ: ಹೊಸ ಫೈಲ್ ಬರೆದು ಮೇನ್ ಫೈಲಿನಲ್ಲಿ ಅದರ ಹೆಸರು ಸೇರಿಸಲು ಮರೆತರೆ ಆ ಫೈಲು ಕಂಪೈಲೇ ಆಗುವುದಿಲ್ಲ, ಯಾರೂ ದೂರುವುದೂ ಇಲ್ಲ. ಹೊಸ ಟೆಸ್ಟು ಬರೆದಾಗಲೆಲ್ಲ ಒಮ್ಮೆ ಕೆಂಪು ಮಾಡಿ ನೋಡುವ ಅಭ್ಯಾಸವಿದ್ದರೆ ಇದೂ ಸಿಕ್ಕಿಬೀಳುತ್ತದೆ.

ನಕಲಿ ಪಿಯರನ್ನು ಮಾತ್ರ ವರ್ಕ್‌ಸ್ಪೇಸಿನಲ್ಲಿ ಸ್ವತಂತ್ರ ಕ್ರೇಟಾಗಿ ಇಡಿ, ಕ್ಲೈಂಟಿಗೆ ಅದು ಡೆವ್-ಡಿಪೆಂಡೆನ್ಸಿಯಾಗಲಿ (ಟೆಸ್ಟಿಗೆ ಮಾತ್ರ ಬೇಕಾದ ಅವಲಂಬನೆ). ಹೆಲ್ಪರ್ ಕ್ರೇಟ್ ಮಾಡಿದವರು ಸಾಮಾನ್ಯವಾಗಿ ಒಂದು ಗೋಡೆಗೆ ತಲೆ ಹೊಡೆದುಕೊಳ್ಳುತ್ತಾರೆ. ಹೆಲ್ಪರ್ ಕ್ರೇಟ್ ಕ್ಲೈಂಟನ್ನು ಬಳಸುತ್ತದೆ, ಕ್ಲೈಂಟು ಟೆಸ್ಟಿಗೆ ಹೆಲ್ಪರ್ ಕ್ರೇಟನ್ನು ಬಳಸುತ್ತದೆ. ಕಾರ್ಗೋ ಈ ಸುತ್ತನ್ನು ಬಿಡುತ್ತದೆ, ಆದರೆ ಸೋರ್ಸಿನೊಳಗಿನ ಯೂನಿಟ್ ಟೆಸ್ಟುಗಳಲ್ಲಿ ಕ್ಲೈಂಟ್ ಎರಡು ಸಲ ಕಂಪೈಲಾಗಿ, ‘ಪಿಯರ್ ಬೇಕಿತ್ತು, ಪಿಯರ್ ಸಿಕ್ಕಿತು’ ಎಂಬಂಥ ತಲೆಬುಡ ತಿಳಿಯದ ಟೈಪ್ ದೋಷ ಬರುತ್ತದೆ. ನಿಮ್ಮ ನಕಲಿ ಪಿಯರಿಗೆ ಬೈಟುಗಳಷ್ಟೇ ಗೊತ್ತು, ಕ್ಲೈಂಟಿನ ಒಂದು ಟೈಪೂ ಗೊತ್ತಿಲ್ಲ. ಸುತ್ತು ಹುಟ್ಟುವುದೇ ಇಲ್ಲ. ಸಾಕ್ಷಿ ಸ್ವತಂತ್ರವಾಗಿರಬೇಕೆಂದು ಮಾಡಿದ್ದನ್ನು ಈಗ ಕಂಪೈಲರೇ ಕಾಯುತ್ತದೆ. ಮುಂದೆ ಯಾರಾದರೂ ಅಲ್ಲಿ ಕ್ಲೈಂಟಿನ ಎನ್‌ಕೋಡರ್ ಕರೆಯಹೊರಟರೆ ಕಾರ್ಗೋದ ಫೈಲನ್ನೇ ತಿದ್ದಬೇಕಾಗುತ್ತದೆ, ರಿವ್ಯೂನಲ್ಲಿ ಕಣ್ಣಿಗೆ ಬೀಳುತ್ತದೆ.

ಟೆಸ್ಟಿನ ಫೈಲು ಎಷ್ಟು ದೊಡ್ಡದಿರಬೇಕು? 70,000 ಬೈಟ್ ಸಾಕು, ತುಣುಕು 32,768 ಬೈಟಿನದು. ಎರಡು ಪೂರ್ತಿ ತುಣುಕು, ಕೊನೆಯದು 4,464 ಬೈಟಿನ ಮೊಂಡು ತುಣುಕು. ಆ ಮೊಂಡು ತುಣುಕು ಇರಲೇಬೇಕು. ಮೂರು ತುಣುಕಿನ ಬಿಟ್‌ಫೀಲ್ಡ್ 224 ಎಂಬ ಒಂದು ಬೈಟ್, ತಿರುವಿ ಓದಿದರೆ 7. ಎಂಟು ತುಣುಕಿನ ಫೈಲಿಟ್ಟಿದ್ದರೆ ಎತ್ತ ಓದಿದರೂ 255, ತಪ್ಪು ಅಡಗಿಕೊಳ್ಳುತ್ತಿತ್ತು. ಒಳಗೆ ಸೊನ್ನೆ ತುಂಬಬೇಡಿ, ಮೊದಲೆರಡು ತುಣುಕುಗಳ ಹ್ಯಾಶ್ ಒಂದೇ ಆಗಿ ಅದಲುಬದಲಾದರೂ ತಿಳಿಯುವುದಿಲ್ಲ. ನಿಗದಿತ ಬೀಜದಿಂದ ರ್‍ಯಾಂಡಮ್ ಬೈಟು ತುಂಬಿ. ರ್‍ಯಾಂಡ್ ಕ್ರೇಟಿನ ‘ಸ್ಟ್ಯಾಂಡರ್ಡ್’ ಜನರೇಟರ್ ಆವೃತ್ತಿ ಬದಲಾದಾಗ ಬೇರೆ ಸಂಖ್ಯೆ ಕೊಡಬಹುದು, ಚಾಚಾದಂಥ ನಿರ್ದಿಷ್ಟ ಜನರೇಟರನ್ನು ಹೆಸರಿಸಿ ಬಳಸಿ.

ಕೊನೆಯದಾಗಿ ಸ್ವಚ್ಛತೆ. ಇದರಲ್ಲಿ ಮೂರು ಬಲೆಗಳಿವೆ, ಮೂರೂ ರಸ್ಟ್‌ನ ಡ್ರಾಪಿಗೆ ಸಂಬಂಧಿಸಿದವು.

ತಾತ್ಕಾಲಿಕ ಫೋಲ್ಡರ್ ಮಾಡುವ ಹೆಲ್ಪರ್ ಬರೀ ಪಾತ್ ಹಿಂತಿರುಗಿಸಿದರೆ, ಫೋಲ್ಡರನ್ನು ಹಿಡಿದಿದ್ದ ಮೌಲ್ಯ ಹೆಲ್ಪರಿನ ಕೊನೆಯಲ್ಲೇ ಡ್ರಾಪ್ ಆಗಿ ಫೋಲ್ಡರೂ ಅಳಿಸಿಹೋಗುತ್ತದೆ. ಟೆಸ್ಟಿನಲ್ಲಿ ಅದನ್ನು ಬರೀ ಅಡಿಗೆರೆಗೆ ಕಟ್ಟಿದರೂ ಅಷ್ಟೇ, ಅದೇ ಸಾಲಿನಲ್ಲಿ ಮುಗಿಯಿತು. ಅಡಿಗೆರೆಯ ಮುಂದೆ ಒಂದು ಹೆಸರಿದ್ದರೆ ಟೆಸ್ಟಿನ ಕೊನೆಯವರೆಗೂ ಬಾಳುತ್ತದೆ. ಫೋಲ್ಡರು, ಕ್ಲೈಂಟು, ಘಟನೆಗಳ ಚಾನೆಲ್ ಮೂರನ್ನೂ ಒಂದೇ ಸ್ಟ್ರಕ್ಟಿನಲ್ಲಿ ಇಟ್ಟು ಅದನ್ನೇ ಹಿಂತಿರುಗಿಸಿ.

ಎರಡನೆಯದು, ಟೋಕಿಯೊದ ಜಾಯ್ನ್‌ಹ್ಯಾಂಡಲ್ (ಸ್ಪಾನ್ ಮಾಡಿದಾಗ ಸಿಗುವ ಟಾಸ್ಕಿನ ಹಿಡಿಕೆ) ಡ್ರಾಪ್ ಆದರೆ ಟಾಸ್ಕ್ ನಿಲ್ಲುವುದಿಲ್ಲ, ದಾರ ಕಡಿದ ಗಾಳಿಪಟದಂತೆ ಹಾರುತ್ತಲೇ ಇರುತ್ತದೆ. ಹಲವು ಟಾಸ್ಕುಗಳಿದ್ದರೆ ಜಾಯ್ನ್‌ಸೆಟ್ಟಿನಲ್ಲಿಡಿ, ಅದು ಡ್ರಾಪ್ ಆದಾಗ ಎಲ್ಲವನ್ನೂ ನಿಲ್ಲಿಸುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ನಕಲಿ ಪಿಯರಿನ ಟಾಸ್ಕಿನೊಳಗೆ ನೀವು ಬರೆದ ಅಸರ್ಟ್ (‘ಹೀಗಿರಲೇಬೇಕು’ ಎಂಬ ತಾಳೆ) ಸೋತರೆ ಪ್ಯಾನಿಕ್ ಆಗುವುದು ಆ ಟಾಸ್ಕ್ ಮಾತ್ರ. ಹ್ಯಾಂಡಲನ್ನು ಯಾರೂ ಅವೇಟ್ ಮಾಡದಿದ್ದರೆ ಟೆಸ್ಟು ಆರಾಮವಾಗಿ ಪಾಸಾಗುತ್ತದೆ. ನಿಮ್ಮ 70ರಲ್ಲಿ ಇಂಥವು ಕೆಲವಾದರೂ ಇದ್ದೇ ಇರುತ್ತವೆ ಎಂದು ನನ್ನ ಅನುಭವ ಹೇಳುತ್ತದೆ. ನಕಲಿ ಪಿಯರಿಗೆ ‘ಮುಗಿಸು()’ ಎಂಬ ಕೊನೆಯ ಕರೆ ಇರಲಿ. ಅದು ಹ್ಯಾಂಡಲನ್ನು ಅವೇಟ್ ಮಾಡಿ ಒಳಗಿನ ಪ್ಯಾನಿಕ್ಕನ್ನು ಟೆಸ್ಟಿಗೆ ದಾಟಿಸಲಿ. ಎಂದೂ ಮುಗಿಯದ ಸುಮ್ಮನಾದ ಪಿಯರಾದರೆ, ಅದು ಮೌನದವರೆಗೆ ತಲುಪಿದೆಯೇ ಎಂದು ಖಚಿತಪಡಿಸಿಕೊಂಡು ಟಾಸ್ಕನ್ನು ನಿಲ್ಲಿಸಲಿ. ಕರೆಯಲು ಮರೆತವರಿಗಾಗಿ ಡ್ರಾಪಿನಲ್ಲೇ ಪ್ಯಾನಿಕ್ ಇಡಿ: ‘ಮುಗಿಸು ಕರೆದಿಲ್ಲ’. ಆದರೆ ಅಲ್ಲಿ ಮೊದಲು, ಈ ಥ್ರೆಡ್ ಈಗಾಗಲೇ ಪ್ಯಾನಿಕ್ಕಿನಲ್ಲಿದೆಯೇ ಎಂದು ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಕೇಳಿ. ಪ್ಯಾನಿಕ್ಕಿನ ಮೇಲೆ ಪ್ಯಾನಿಕ್ ಆದರೆ ಇಡೀ ಪ್ರಾಸೆಸ್ ಅಬಾರ್ಟ್ ಆಗಿ ನಿಜವಾದ ಕಾರಣ ಹುಡುಕುವುದು ಕಷ್ಟವಾಗುತ್ತದೆ.

ಹೆಲ್ಪರಿನೊಳಗಿನ ಅಸರ್ಟ್ ಸೋತಾಗ ಹೆಲ್ಪರಿನ ಸಾಲಿನ ಸಂಖ್ಯೆ ತೋರಿಸುತ್ತದೆ, ಯಾವ ಟೆಸ್ಟಿನ ಯಾವ ಸಾಲು ಕರೆಯಿತೆಂದು ತಿಳಿಯುವುದಿಲ್ಲ. 1.46ರಿಂದ ಇರುವ ‘ಟ್ರ್ಯಾಕ್_ಕಾಲರ್’ ಗುರುತು ಹಾಕಿದರೆ ಕರೆದ ಸಾಲನ್ನೇ ತೋರಿಸುತ್ತದೆ. ಅಸಿಂಕ್ ಫಂಕ್ಷನ್ನಿನ ಮೇಲೆ ಸ್ಥಿರ ರಸ್ಟ್‌ನಲ್ಲಿ ಅದು ಫಲ ಕೊಡುವುದಿಲ್ಲ. ಹಾಗಾಗಿ ಕಾಯುವ ಭಾಗ ಮೌಲ್ಯ ತಂದುಕೊಡಲಿ, ತಾಳೆ ನೋಡುವುದನ್ನು ಮಾಮೂಲಿ ಫಂಕ್ಷನ್ನಿಗೆ ಬಿಡಿ.

ಕೆಲಸದ ಕ್ರಮ ಹೀಗಿರಲಿ. ಹೊಸ ಬಿಲ್ಡರ್ ಬರೆದ ಮೇಲೆ ಹಳೆಯ ‘ಸ್ಪಾನ್_ಪಿಯರ್’ಗಳನ್ನು ಅಳಿಸಬೇಡಿ, ಅವುಗಳ ಹೊಟ್ಟೆಯನ್ನು ಮಾತ್ರ ಬಿಲ್ಡರಿಗೆ ಬದಲಿಸಿ. 70 ಟೆಸ್ಟೂ ಇದ್ದಂತೆಯೇ ಓಡಬೇಕು, ಹಾಳುಗೆಡಹುವ ಪ್ಯಾಚುಗಳು ಮೊದಲಿನ ಪಟ್ಟಿಯನ್ನೇ ಕೆಂಪು ಮಾಡಬೇಕು. ಪಟ್ಟಿಗೆ ಹೊಸದು ಸೇರಿದರೆ ಸಂತೋಷ, ಕಡಿಮೆಯಾದರೆ ಅಲ್ಲೇ ನಿಲ್ಲಿ. ಆಮೇಲೆ ದಿನಕ್ಕೊಂದು ಫೈಲಿನಂತೆ ಟೆಸ್ಟುಗಳನ್ನು ಬಿಲ್ಡರಿಗೆ ತನ್ನಿ. ನೋಡಲು ಒಂದೇ ತರ ಇರುವ ಆರೇಳು ಸಾಲುಗಳನ್ನೆಲ್ಲ ಹೆಲ್ಪರ್ ಮಾಡಹೋಗಬೇಡಿ. ಎರಡು ಟೆಸ್ಟುಗಳು ಒಂದೇ ಕಾರಣಕ್ಕೆ ಒಟ್ಟಿಗೆ ಬದಲಾಗುವುದಾದರೆ ಮಾತ್ರ ಅವು ಒಂದು. ಚೋಕ್ ಟೆಸ್ಟೂ ಹ್ಯಾಶ್ ಟೆಸ್ಟೂ ಇವತ್ತು ಒಂದೇ ತರ ಶುರುವಾಗುತ್ತವೆ ಎಂದು ಸೇರಿಸಿದ್ದರಿಂದಲೇ ಆ ಟ್ರೂ-ಫಾಲ್ಸುಗಳು ಹುಟ್ಟಿದ್ದು.

ಎಲ್ಲ ಆದಮೇಲೆ ಯಲ್ಲಾಪುರದ ಯಂತ್ರದಲ್ಲಿ ಇಡೀ ಟೆಸ್ಟನ್ನು ರಾತ್ರಿಯಿಡೀ ಲೂಪಿನಲ್ಲಿ ಓಡಿಸಿ, ಜೊತೆಗೆ ಬೇರೊಂದು ಭಾರೀ ಬಿಲ್ಡ್ ಹಚ್ಚಿ. ಒಂದೇ ಒಂದು ಸಲ ಕೆಂಪಾದರೂ ‘ಮತ್ತೊಮ್ಮೆ ಓಡಿಸು’ ಎಂಬ ರಿಟ್ರೈ ಹಾಕಿ ಮುಂದೆ ಹೋಗಬೇಡಿ. ಮಿತಿ ಮೀರಿದಾಗ ಹೆಲ್ಪರ್ ಮುದ್ರಿಸಿದ ಘಟನೆಗಳ ಪಟ್ಟಿ ತೆಗೆದು, ಕೊನೆಯ ಘಟನೆಯ ನಂತರ ಯಾರು ಯಾರಿಗಾಗಿ ಕಾಯುತ್ತಿದ್ದರು ನೋಡಿ. ಅಲ್ಲಿಯೂ ಸಿಗದಿದ್ದರೆ ಆ ಪಟ್ಟಿಯನ್ನೂ ಆ ಟೆಸ್ಟನ್ನೂ ನನಗೆ ಕಳಿಸಿ, ಕೂತು ನೋಡೋಣ.